ಹೊಸ್ತಿಲಿನ ವರ್ಷ: ರಾಯಚೂರು ಸೀಮೆಯ ವಿದ್ಯಾರ್ಥಿ ಮತ್ತು ವಿಶ್ವವಿದ್ಯಾಲಯ



ರಾಯಚೂರಿನ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಕೃಷ್ಣದೇವರಾಯ, 1520ರ ಯುದ್ಧ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಆದರೆ ಈ ನಾಡಿಗೆ ಇನ್ನೊಂದು ಚರಿತ್ರೆಯೂ ಇದೆ. ದೇವದುರ್ಗದ, ಮಾನ್ವಿಯ ಒಂದು ಹಳ್ಳಿಯಿಂದ ಹೆಗಲಿಗೆ ಚೀಲ ಹಾಕಿಕೊಂಡು ಹೊರಟು, ದೊಡ್ಡ ಊರಿನ ದೊಡ್ಡ ವಿದ್ಯಾಲಯದ ಬಾಗಿಲಲ್ಲಿ ನಿಂತ ಹುಡುಗ ಹುಡುಗಿಯರ ಚರಿತ್ರೆ ಅದು. ಅದಕ್ಕೆ ಶಾಸನಗಳಿಲ್ಲ, ಸ್ಮಾರಕಗಳಿಲ್ಲ. ಆದರೂ ಅದು ನೂರು ವರ್ಷಗಳಿಗಿಂತ ಹಳೆಯದು. ಇಂದು ಪದವಿಯ ಮೊದಲ ವರ್ಷದಲ್ಲಿ ಕುಳಿತಿರುವ ನೀವೂ, ನಾಳೆ ಕೂರಲಿರುವ ನಿಮ್ಮ ತಮ್ಮ ತಂಗಿಯರೂ ಆ ಚರಿತ್ರೆಯ ಪಾತ್ರಗಳೇ.

ಮೊದಲ ವರ್ಷದ ಕಷ್ಟವನ್ನು ಬಲ್ಲವರೇ ಬಲ್ಲರು. ತರಗತಿಯಲ್ಲಿ ಅಧ್ಯಾಪಕರ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಲೆಯ ಮೇಲೆ ಹಾದುಹೋಗುತ್ತದೆ. ಪಕ್ಕದಲ್ಲಿ ಕುಳಿತವನು ಎಲ್ಲವನ್ನೂ ಬಲ್ಲವನಂತೆ ಕಾಣುತ್ತಾನೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ‘ಈ ಓದು ನನಗೆ ಹತ್ತುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದು, ಹಬ್ಬಕ್ಕೆಂದು ಊರಿಗೆ ಹೋದವನು ಮರಳಿ ಬರುವುದೇ ಇಲ್ಲ. ಹೀಗೆ ಮರಳದವರ ಲೆಕ್ಕ ಯಾವ ಫಲಿತಾಂಶ ಪಟ್ಟಿಯಲ್ಲೂ ಸಿಗದು. ಆ ತೀರ್ಮಾನ ಎಷ್ಟರಮಟ್ಟಿಗೆ ಸರಿ? ಕಷ್ಟ ಹುಟ್ಟುವುದು ಆ ವಿದ್ಯಾರ್ಥಿಯ ಬುದ್ಧಿಯಲ್ಲೋ, ಅಥವಾ ಅವನು ನಡೆದು ಬಂದ ದಾರಿಯಲ್ಲೋ? ಈ ಪ್ರಶ್ನೆಗೆ ಚರಿತ್ರೆ ಒಂದು ಉತ್ತರ ಕೊಡುತ್ತದೆ. ಅದನ್ನು ಇಲ್ಲಿ ನೋಡೋಣ.

ಎರಡು ನದಿಗಳ ನಡುವೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಭೂಮಿಗೆ ಹಿಂದೆ ಎಡದೊರೆ ನಾಡು ಎಂದು ಹೆಸರು. ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗಿದೆ. ಈ ಸೀಮೆ ಹಿಂದುಳಿದದ್ದು ಎಂದು ಕೇಳಿ ಕೇಳಿ, ಇಲ್ಲಿ ಎಂದೂ ವಿದ್ಯೆಯೇ ಇರಲಿಲ್ಲವೇನೋ ಎಂದು ನಾವು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಇಲ್ಲಿಂದ ಉತ್ತರಕ್ಕೆ, ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಒಂದು ಘಟಿಕಾಸ್ಥಾನವಿತ್ತು. ಕಲ್ಯಾಣದ ಚಾಲುಕ್ಯರ ಕಾಲದ 1058ರ ಶಾಸನವು ಅಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರೆಂದು ತಿಳಿಸುತ್ತದೆ. ಪುಸ್ತಕ ಭಂಡಾರವನ್ನು ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ತರಗತಿಯ ಕೋಣೆಗಳ ಜೊತೆಗೆ ವಿದ್ಯಾರ್ಥಿಗಳು ತಂಗುವ ಕೋಣೆಗಳೂ, ದೊಡ್ಡ ಗ್ರಂಥಾಲಯವೂ ಇದ್ದವು. ಅದರ ಗೋಡೆಯ ಬಣ್ಣದ ಹೆಂಚುಗಳು ಇಂದಿಗೂ ಉಳಿದಿವೆ.

ಈ ಎರಡು ವಿದ್ಯಾಕೇಂದ್ರಗಳಿಗೂ ಸಾಮಾನ್ಯವಾದ ಒಂದು ಸಂಗತಿಯಿದೆ. ಒಂದರಲ್ಲಿ ವಿದ್ಯೆಯ ಭಾಷೆ ಸಂಸ್ಕೃತ. ಇನ್ನೊಂದರಲ್ಲಿ ಅರಬ್ಬೀ, ಪಾರಸಿ. ಮನೆಯಲ್ಲಿ ತಾಯಿ ಆಡುತ್ತಿದ್ದ ಮಾತು ಎರಡರಲ್ಲೂ ಪಾಠದ ಮಾತಾಗಿರಲಿಲ್ಲ. ಅಂದರೆ ಹೊಸ್ತಿಲು ದಾಟುವುದೆಂದರೆ ಭಾಷೆಯನ್ನು ದಾಟುವುದೂ ಆಗಿತ್ತು. ಅಲ್ಲಿಗೆ ಪ್ರವೇಶವೂ ಸಮಾಜದ ಕೆಲವೇ ವರ್ಗದ ಪುರುಷರಿಗೆ ಮಾತ್ರ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಈ ಭಾಷೆಯ ಪ್ರಶ್ನೆಯನ್ನು ಮಾನ್ವಿ ಸೀಮೆ ತನ್ನದೇ ರೀತಿಯಲ್ಲಿ ನೆನಪಿಟ್ಟುಕೊಂಡಿದೆ. 18ನೇ ಶತಮಾನದಲ್ಲಿ ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಹಾಡು ಕಟ್ಟುವುದನ್ನು ಕಂಡು ಅವರಿಗೆ ತಾತ್ಸಾರವಿತ್ತಂತೆ. ಮುಂದೆ ಕಾಯಿಲೆ ಬಿದ್ದಾಗ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಅನುಗ್ರಹದಿಂದ ಚೇತರಿಸಿಕೊಂಡು, ತಾವೂ ಕನ್ನಡದಲ್ಲೇ ಬರೆಯತೊಡಗಿ ಜಗನ್ನಾಥದಾಸರಾದರು ಎಂಬುದು ಸಂಪ್ರದಾಯದ ಕಥೆ. ಅವರ ಹರಿಕಥಾಮೃತಸಾರವು ಕಠಿಣವಾದ ತತ್ತ್ವಶಾಸ್ತ್ರವನ್ನು ಭಾಮಿನಿ ಷಟ್ಪದಿಯ ಕನ್ನಡಕ್ಕೆ ತಂದ ಕೃತಿ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಕನ್ನಡದಲ್ಲಿ ಶಾಸ್ತ್ರ ಹೇಳಬಹುದೇ ಎಂಬ ಪ್ರಶ್ನೆ ಈ ನೆಲದಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆಯೇ ಎದ್ದಿತ್ತು, ಅದಕ್ಕೆ ಉತ್ತರವೂ ಸಿಕ್ಕಿತ್ತು ಎಂಬುದು ಗಮನಾರ್ಹ.

ಯುರೋಪಿನ ಹೊಸಬರು

ಹೊಸ ವಿದ್ಯಾರ್ಥಿಯ ಪಾಡು ನಮ್ಮ ನಾಡಿಗಷ್ಟೇ ಸೀಮಿತವಾದುದೇನೂ ಅಲ್ಲ. ಯುರೋಪಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯವೆಂದು ಹೆಸರಾದ ಇಟಲಿಯ ಬೊಲೋನ್ಯ 1088ರಲ್ಲಿ ಆರಂಭವಾಯಿತೆಂದು ಹೇಳುವುದು ವಾಡಿಕೆ. ನಾಗಾವಿಯ ಶಾಸನಕ್ಕೂ ಅದಕ್ಕೂ ಮೂವತ್ತೇ ವರ್ಷಗಳ ಅಂತರ! ಅಲ್ಲಿಯೂ, ನಂತರ ಬಂದ ಪ್ಯಾರಿಸ್ಸಿನಲ್ಲಿಯೂ ಪಾಠವೆಲ್ಲ ಲ್ಯಾಟಿನ್ನಿನಲ್ಲಿ. ರೈತನ ಮಗನಿಗೂ ವರ್ತಕನ ಮಗನಿಗೂ ಅದು ಮನೆಯ ಮಾತಲ್ಲ. ಪ್ಯಾರಿಸ್ಸಿನಲ್ಲಿ ಹೊಸ ವಿದ್ಯಾರ್ಥಿಯನ್ನು ‘ಹಳದಿ ಕೊಕ್ಕಿನವನು’ ಎಂದು ಹೀಯಾಳಿಸುತ್ತಿದ್ದರು. ಆಗತಾನೇ ಮೊಟ್ಟೆಯೊಡೆದು ಬಂದ ಹಕ್ಕಿಮರಿ ಎಂದು ಅದರ ಅರ್ಥ. ಹಳಬರು ಅವನಿಂದ ಔತಣಕ್ಕೆಂದು ಹಣ ಕೀಳುತ್ತಿದ್ದರು. ಈ ಕಾಟ ಎಷ್ಟು ಬೆಳೆಯಿತೆಂದರೆ 14ನೇ ಶತಮಾನದಲ್ಲೇ ಅದರ ವಿರುದ್ಧ ವಿಶ್ವವಿದ್ಯಾಲಯ ಕಟ್ಟಳೆ ಮಾಡಬೇಕಾಯಿತು. ಇಂದು ನಾವು ರ‍್ಯಾಗಿಂಗ್ ಎನ್ನುವ ಪಿಡುಗಿನ ಹಳೆಯ ಬೇರು ಇದು. ನಮ್ಮಲ್ಲಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಅದನ್ನು ಅಪರಾಧವೆಂದು ಕರೆದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2009ರಲ್ಲಿ ಕಠಿಣ ನಿಯಮಗಳನ್ನು ಹೊರಡಿಸಿತು.

ಆ ಕಾಲದ ವಿದ್ಯಾರ್ಥಿಗಳು ಒಂದು ಒಳ್ಳೆಯ ಉಪಾಯವನ್ನೂ ಕಂಡುಕೊಂಡಿದ್ದರು. ಒಂದೇ ಸೀಮೆಯಿಂದ ಬಂದವರು ಸೇರಿ ತಮ್ಮ ತಮ್ಮ ಕೂಟಗಳನ್ನು ಕಟ್ಟಿಕೊಂಡಿದ್ದರು. ವಸತಿ ಹುಡುಕುವುದು, ಕಾಯಿಲೆಯಾದರೆ ನೋಡಿಕೊಳ್ಳುವುದು, ಜಗಳ ಬಂದರೆ ಬಗೆಹರಿಸುವುದು ಈ ಕೂಟಗಳ ಕೆಲಸ. ಪರಸ್ಥಳದಲ್ಲಿ ತನ್ನೂರಿನ ಒಬ್ಬ ಹಳಬ ಸಿಕ್ಕರೆ ಅರ್ಧ ಗೆದ್ದಂತೆ ಎಂಬುದನ್ನು ಅವರೂ ಅರಿತಿದ್ದರು.

ಉಸ್ಮಾನಿಯಾದ ದಾರಿ

ಈಗ ನಮ್ಮ ಸೀಮೆಗೆ ಮರಳೋಣ. 1956ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗ. ಇಂದು ತೆಲಂಗಾಣದಲ್ಲಿರುವ ಗದ್ವಾಲ, ಆಲಂಪುರಗಳೂ ಆಗ ಇದೇ ಜಿಲ್ಲೆಯಲ್ಲಿದ್ದವು. ರಾಜಧಾನಿಯಲ್ಲಿದ್ದ ನಿಜಾಂ ಕಾಲೇಜು 1887ರಲ್ಲಿ ಹುಟ್ಟಿದ್ದು. ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮುಂದೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1919ರಲ್ಲಿ 225 ವಿದ್ಯಾರ್ಥಿಗಳು ಮತ್ತು 25 ಅಧ್ಯಾಪಕರೊಂದಿಗೆ ತರಗತಿಗಳು ಮೊದಲಾದವು.

ಉಸ್ಮಾನಿಯಾದ ವಿಶೇಷವೆಂದರೆ ಬೋಧನೆಯ ಭಾಷೆ. ಭಾರತದ ಉಳಿದ ವಿಶ್ವವಿದ್ಯಾಲಯಗಳೆಲ್ಲ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದಾಗ ಅದು ಉರ್ದುವನ್ನು ಆರಿಸಿಕೊಂಡಿತು. ಭೌತಶಾಸ್ತ್ರ, ವೈದ್ಯಶಾಸ್ತ್ರ, ಕಾನೂನು ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಲು ಪುಸ್ತಕಗಳು ಬೇಕಲ್ಲವೇ? ಅದಕ್ಕೆಂದೇ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಶಾಖೆ ಕೆಲಸ ಮಾಡಿತು. ಪಂಡಿತರು ಕುಳಿತು ಒಂದೊಂದು ಶಾಸ್ತ್ರಕ್ಕೂ ಪದಗಳನ್ನು ಟಂಕಿಸಿದರು. ದೇಶಭಾಷೆಯಲ್ಲೇ ಉನ್ನತ ಶಿಕ್ಷಣ ಸಾಧ್ಯ ಎಂದು ತೋರಿಸಿದ ಈ ಸಾಹಸವನ್ನು ರಾಜ್ಯದ ಹೊರಗಿನ ಅನೇಕ ಚಿಂತಕರು ಮೆಚ್ಚಿಕೊಂಡರು.

ಆದರೆ ರಾಯಚೂರಿನ ಕನ್ನಡ ಹುಡುಗನಿಗೆ ಅದು ಯಾರ ದೇಶಭಾಷೆ? ಹೈದರಾಬಾದ್ ರಾಜ್ಯದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡ. ಉರ್ದು ಮನೆಮಾತಾದವರು ಅಲ್ಪಸಂಖ್ಯೆಯವರು. ಹಳ್ಳಿಯ ಶಾಲೆಯಲ್ಲಿ ಮೊದಲ ಕೆಲವು ತರಗತಿಗಳನ್ನು ಕನ್ನಡದಲ್ಲಿ ಓದಿದ ಹುಡುಗ ಮೇಲಿನ ತರಗತಿಗೆ ಬರುತ್ತಲೇ ಉರ್ದುವಿಗೆ ಹೊರಳಬೇಕಾಗಿತ್ತು. ಗಣಿತ ‘ರಿಯಾಜಿ’ಯಾಗುತ್ತಿತ್ತು, ಇತಿಹಾಸ ‘ತಾರೀಖ್’ ಆಗುತ್ತಿತ್ತು. ಬರವಣಿಗೆ ಎಡದಿಂದ ಬಲಕ್ಕೆ ಹೋಗುತ್ತಿದ್ದದ್ದು ಬಲದಿಂದ ಎಡಕ್ಕೆ ತಿರುಗುತ್ತಿತ್ತು. ಇಸವಿಯೂ ಬೇರೆ. ಸರ್ಕಾರಿ ಕಾಗದಗಳಲ್ಲಿ ಫಸಲಿ ವರ್ಷ. ಅದು ಕ್ರಿಸ್ತಶಕಕ್ಕಿಂತ ಸುಮಾರು 590 ವರ್ಷ ಹಿಂದೆ. ನಾಣ್ಯವೂ ಬೇರೆ. ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷ್ ರೂಪಾಯಿಗಿಂತ ಬೆಲೆ ಕಡಿಮೆ.

ಪ್ರಯಾಣವೇನು ಸುಲಭವೇ? 1871ರಲ್ಲಿ ಮುಂಬಯಿ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ ರಾಯಚೂರಿನಲ್ಲೇ ಕೂಡಿದ್ದವು. ಹಾಗಾಗಿ ರಾಯಚೂರು ಪಟ್ಟಣಕ್ಕೆ ರೈಲು ಬಹಳ ಹಿಂದೆಯೇ ಬಂದಿತ್ತು. ಆದರೆ ದೇವದುರ್ಗ, ಮಾನ್ವಿಗಳಿಗೆ ಹಳಿಯಿರಲಿಲ್ಲ. ಹಳ್ಳಿಯಿಂದ ರಾಯಚೂರಿಗೆ ಬಂಡಿಯಲ್ಲೋ ಮೋಟಾರಿನಲ್ಲೋ ಬಂದು, ಅಲ್ಲಿಂದ ಕೃಷ್ಣೆಯ ಸೇತುವೆ ದಾಟಿ ವಾಡಿಗೆ ಹೋಗಿ, ವಾಡಿಯಲ್ಲಿ ಇಳಿದು ನಿಜಾಮರ ರೈಲು ಹಿಡಿದರೆ ಹೈದರಾಬಾದ್. ಬುತ್ತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಗಿಯುವ ಹೊತ್ತಿಗೆ ಊರು, ಮಾತು, ಉಡುಪು, ಊಟ ಎಲ್ಲವೂ ಬದಲಾಗಿರುತ್ತಿದ್ದವು.

ಇಷ್ಟಾದರೂ ಹೋದವರಿದ್ದರು, ಗೆದ್ದವರೂ ಇದ್ದರು. ಅಂದು ರಾಯಚೂರು ಜಿಲ್ಲೆಗೆ ಸೇರಿದ್ದ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ, ಅಂದರೆ ಉಸ್ಮಾನಿಯಾ ಸ್ಥಾಪನೆಯಾದ ವರ್ಷವೇ ಹುಟ್ಟಿದವರು ಸಿದ್ದಯ್ಯ ಪುರಾಣಿಕರು. ಕನ್ನಡ ಕವಿಗಳ ಮನೆತನದಲ್ಲಿ ಬೆಳೆದ ಅವರು ಉಸ್ಮಾನಿಯಾದಲ್ಲಿ ಪದವಿ, ಕಾನೂನು ಪದವಿಗಳನ್ನು ಪಡೆದರು. ಹೈದರಾಬಾದ್ ಸರ್ಕಾರದ ಸೇವೆಗೆ ಸೇರಿ, ಮುಂದೆ ಕರ್ನಾಟಕದಲ್ಲಿ ಹಿರಿಯ ಐ.ಎ.ಎಸ್. ಅಧಿಕಾರಿಯಾದರು. ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಬರೆದರು. ರಾಯಚೂರು ತಾಲ್ಲೂಕಿನ ಹೆಂಬೆರಾಳಿನ ಶಾಂತರಸರು ಇನ್ನೊಂದು ಉದಾಹರಣೆ. ಆ ಕಾಲ ಕೊಟ್ಟ ಉರ್ದುವನ್ನು ಅವರು ಹೊರೆಯೆಂದು ಕೆಳಗಿಳಿಸಲಿಲ್ಲ. ಗಜಲ್ ಎಂಬ ಕಾವ್ಯಪ್ರಕಾರವನ್ನೇ ಕನ್ನಡಕ್ಕೆ ತಂದು ಬೆಳೆಸಿದರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು.

ಇವರು ಹೇಗೆ ನಿಭಾಯಿಸಿದರು? ಉಸ್ಮಾನಿಯಾದಲ್ಲಿ ಬೋಧನೆಯ ಭಾಷೆ ಉರ್ದುವಾಗಿದ್ದರೂ ಕನ್ನಡವನ್ನು ಒಂದು ವಿಷಯವಾಗಿ ಕಲಿಯಲು ಅವಕಾಶವಿತ್ತು. ಕನ್ನಡದ ಪ್ರಾಧ್ಯಾಪಕರಾಗಿದ್ದ ಡಿ.ಕೆ. ಭೀಮಸೇನರಾಯರ ಹೆಸರನ್ನು ಆ ತಲೆಮಾರಿನವರು ಗೌರವದಿಂದ ನೆನೆಯುತ್ತಿದ್ದರು. ನಗರದಲ್ಲಿ ಕನ್ನಡಿಗರು ಕಟ್ಟಿಕೊಂಡ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳೂ ಇದ್ದವು. ರಾಯಚೂರಿನಲ್ಲೇ ಪಂಡಿತ ತಾರಾನಾಥರು 1920ರ ದಶಕದ ಆರಂಭದ ಹೊತ್ತಿಗೆ ಹಮ್‌ದರ್ದ್ ಶಾಲೆಯನ್ನು ಕಟ್ಟಿ, ಸ್ವಾಭಿಮಾನದ ಶಿಕ್ಷಣಕ್ಕೆ ತಳಪಾಯ ಹಾಕಿದ್ದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲೇ ನಡೆದದ್ದು ಇಲ್ಲಿನ ಓದುವ ಹುಡುಗರಿಗೆ ದೊಡ್ಡ ಧೈರ್ಯ ಕೊಟ್ಟಿರಬೇಕು. ಪರಭಾಷೆಯನ್ನು ಕಲಿತರು, ಮನೆಯ ಭಾಷೆಯನ್ನು ಬಿಡಲಿಲ್ಲ. ಆ ತಲೆಮಾರಿನ ಗುಟ್ಟು ಇಷ್ಟೇ.

ಇನ್ನೊಂದು ಸ್ವಾರಸ್ಯ ನೋಡಿ. ಇಂದು ನೀವು ಕಾಲೇಜಿನ ಕಚೇರಿಗೆ ಹೋಗಿ ‘ಅರ್ಜಿ’ ಕೊಡುತ್ತೀರಿ, ‘ದಾಖಲಾತಿ’ ಮಾಡಿಸುತ್ತೀರಿ, ತರಗತಿಯಲ್ಲಿ ‘ಹಾಜರಿ’ ಹೇಳುತ್ತೀರಿ, ಹಬ್ಬಕ್ಕೆ ‘ರಜಾ’ ಕೇಳುತ್ತೀರಿ. ಈ ಮಾತುಗಳೆಲ್ಲ ಅರಬ್ಬೀ, ಪಾರಸಿ ಮೂಲದಿಂದ ಬಂದು ಕನ್ನಡವೇ ಆಗಿಹೋದವು. ಒಮ್ಮೆ ಹೆದರಿಸಿದ ಪದ ಮುಂದೆ ಮನೆಯ ಪದವಾಗುತ್ತದೆ.

ಓದು ನಿಂತ ವರ್ಷಗಳು

ಎಲ್ಲರ ಮೊದಲ ವರ್ಷವೂ ಸುಸೂತ್ರವಾಗಿ ಮುಗಿಯಲಿಲ್ಲ. 1938ರ ಕೊನೆಯಲ್ಲಿ ಉಸ್ಮಾನಿಯಾದ ವಿದ್ಯಾರ್ಥಿನಿಲಯಗಳಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಚಳವಳಿ ಗುಲಬರ್ಗಾ, ಔರಂಗಾಬಾದ್, ವರಂಗಲ್ಲುಗಳ ಕಾಲೇಜುಗಳಿಗೂ ಹಬ್ಬಿತು. ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟಿದ್ದು ದೂರದ ನಾಗಪುರ ವಿಶ್ವವಿದ್ಯಾಲಯ. ಉರ್ದುವಿಗೆ ಆಗತಾನೇ ಒಗ್ಗಿಕೊಂಡಿದ್ದವರು ಅಲ್ಲಿ ಮತ್ತೆ ಇಂಗ್ಲಿಷಿನಲ್ಲಿ, ಮತ್ತೊಂದು ಊರಿನಲ್ಲಿ, ಮೊದಲಿನಿಂದ ಆರಂಭಿಸಬೇಕಾಯಿತು.

1947ರಲ್ಲಿ ದೇಶ ಸ್ವತಂತ್ರವಾದರೂ ಹೈದರಾಬಾದ್ ಭಾರತಕ್ಕೆ ಸೇರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಹೋರಾಟಕ್ಕೆ ಅನೇಕ ವಿದ್ಯಾರ್ಥಿಗಳು ಓದು ಬಿಟ್ಟು ಧುಮುಕಿದರು. ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಹೋರಾಟದ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆ ಊರಿಗೆ ಮರಳಿದವರ ಮುಂದಿದ್ದದ್ದು ಎರಡು ದಾರಿ. ಕೆಲವರು ಕಳೆದುಹೋದ ವರ್ಷಗಳನ್ನು ಬಿಟ್ಟುಕೊಟ್ಟು ಹೊಲಮನೆಗೆ ನಿಂತರು. ಕೆಲವರು ತಮಗಿಂತ ಕಿರಿಯರ ಜೊತೆ ತರಗತಿಯಲ್ಲಿ ಕುಳಿತರು. ಎರಡನೆಯದಕ್ಕೆ ಬೇಕಾದ ಧೈರ್ಯ ಕಡಿಮೆಯದಲ್ಲ.

ದಿಕ್ಕು ಬದಲಾಯಿತು, ಭಾಷೆಯೂ ಬದಲಾಯಿತು

1948ರ ನಂತರ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂತು. ಪ್ರೌಢಶಾಲೆಯನ್ನು ಉರ್ದುವಿನಲ್ಲಿ ಮುಗಿಸಿದ ಹುಡುಗನ ಸ್ಥಿತಿಯನ್ನು ಊಹಿಸಿಕೊಳ್ಳಿ. ಕಷ್ಟಪಟ್ಟು ಹತ್ತಿದ ಏಣಿಯನ್ನು ಅರ್ಧದಲ್ಲಿ ಎಳೆದು ಬೇರೆ ಏಣಿ ಇಟ್ಟಂತಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಉನ್ನತ ಶಿಕ್ಷಣದ ದಿಕ್ಕು ಪೂರ್ವದ ಹೈದರಾಬಾದಿನಿಂದ ಪಶ್ಚಿಮದ ಧಾರವಾಡಕ್ಕೆ ತಿರುಗಿತು. 1949ರಲ್ಲಿ ಆರಂಭವಾಗಿದ್ದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಈ ಸೀಮೆ ಬಂತು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬಳ್ಳಾರಿ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಧಾರವಾಡ ತಲುಪಬೇಕು.

ಈ ಸಲ ಸುತ್ತಲಿನ ಮಾತು ಕನ್ನಡವೇ. ಆದರೂ ಒಂದು ಹೊಸ ತೊಡಕು ಕಾಣಿಸಿತು. ತೆಲುಗು, ಉರ್ದು ಬೆರೆತ ರಾಯಚೂರಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಅಂತರವಿತ್ತು. ತನ್ನ ಮಾತು ಕೇಳಿ ಯಾರಾದರೂ ನಕ್ಕಾರು ಎಂದು ಬಾಯಿ ಮುಚ್ಚಿ ಕೂರುವ ವಿದ್ಯಾರ್ಥಿ ಅಂದೂ ಇದ್ದ, ಇಂದೂ ಇದ್ದಾನೆ. ಆಡುಮಾತಿಗೆ ನಾಚಬೇಕಾದ ಕಾರಣವೇ ಇಲ್ಲ. ಮೂರು ಭಾಷೆಗಳು ಕೂಡುವ ಗಡಿಯಲ್ಲಿ ಬೆಳೆದವನ ಕಿವಿ ಹೊಸ ಭಾಷೆಗೆ ಬೇಗ ತೆರೆಯುತ್ತದೆ.

ಓದಲು ಊರು ಬಿಡಲಾಗದವರಿಗಾಗಿ ರಾಯಚೂರಿನಲ್ಲೇ ಕಾಲೇಜುಗಳು ಬೆಳೆದವು. ತಾರಾನಾಥರ ಹೆಸರಿನ ಶಿಕ್ಷಣ ಸಂಸ್ಥೆಯ ಲಕ್ಷ್ಮೀ ವೆಂಕಟೇಶ ದೇಸಾಯಿ ಕಾಲೇಜು ಅಂಥವುಗಳಲ್ಲಿ ಒಂದು. ಎಲ್.ವಿ.ಡಿ. ಕಾಲೇಜು ಎಂದರೆ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು.

ವಿಶ್ವವಿದ್ಯಾಲಯವೇ ಹತ್ತಿರ ಬಂತು

1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರ ಸೆಪ್ಟೆಂಬರಿನಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ರಾಯಚೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು. ಮುಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ರಾಯಚೂರಿನ ಸಮೀಪದ ಯರಗೇರಾದಲ್ಲಿ ನೆಲೆಗೊಂಡಿತು. 2009ರಿಂದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ವತಂತ್ರವಾಗಿ ಕೆಲಸ ಮಾಡುತ್ತಿದೆ. 2021ರಲ್ಲಿ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆಂದೇ ಪ್ರತ್ಯೇಕ ರಾಯಚೂರು ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ಅದಕ್ಕೆ ನಂತರ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರನ್ನು ಇಡಲಾಯಿತು.

ಇವೆಲ್ಲ ಕೇಳದೆ ಬಂದವುಗಳಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ರಾಯಚೂರಿನಲ್ಲಿ ಐ.ಐ.ಟಿ. ಆಗಬೇಕೆಂದು ಅದೇ ವರದಿ ಸೂಚಿಸಿತ್ತು. 2016ರಲ್ಲಿ ಐ.ಐ.ಟಿ. ಧಾರವಾಡದಲ್ಲಿ ಆರಂಭವಾದಾಗ ಇಲ್ಲಿಯ ಜನರಿಗೆ ನೋವಾದದ್ದು ಸಹಜವೇ. 2019ರಲ್ಲಿ ರಾಯಚೂರಿಗೆ ಐ.ಐ.ಐ.ಟಿ. ಬಂತು. ಆದರೆ ಚರಿತ್ರೆಯ ವಿನೋದ ನೋಡಿ: ಇಲ್ಲಿ ಸ್ಥಳ ಸಿದ್ಧವಾಗಿರಲಿಲ್ಲವಾದ್ದರಿಂದ ರಾಯಚೂರಿನ ಹೆಸರಿನ ಆ ಸಂಸ್ಥೆಯ ಮೊದಲ ತಂಡದ ಪಾಠಗಳು ನಡೆದದ್ದು ಹೈದರಾಬಾದ್ ಐ.ಐ.ಟಿ.ಯ ಆವರಣದಲ್ಲಿ! ನೂರು ವರ್ಷಗಳ ಹಿಂದಿನ ದಾರಿಯನ್ನೇ ಮತ್ತೊಮ್ಮೆ ಹಿಡಿದಂತಾಯಿತು.

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದು, 2013ರಿಂದ ಈ ಪ್ರದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡ 70, ರಾಜ್ಯದ ಉಳಿದ ಭಾಗದಲ್ಲಿ ಶೇಕಡ 8 ಸ್ಥಾನಗಳು ಮೀಸಲಾದವು. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ದೇವದುರ್ಗದಿಂದ, ಮಾನ್ವಿಯಿಂದ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ‘ಬಸ್ಸಿಗೆ ದುಡ್ಡಿಲ್ಲ’ ಎಂಬ ಕಾರಣಕ್ಕೆ ಮಗಳ ಓದು ನಿಲ್ಲಿಸುವುದು ಈಗ ಕಷ್ಟ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು 60ನ್ನೂ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳದು 49ಕ್ಕಿಂತ ಕಡಿಮೆಯಿತ್ತು. ಆ ಹಿನ್ನೆಲೆಯಲ್ಲಿ ಪ್ರತಿದಿನ ಬೆಳಗ್ಗೆ ಬಸ್ಸು ಹತ್ತುವ ಒಬ್ಬೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆತನದ ಚರಿತ್ರೆಯಲ್ಲಿ ಹೊಸ ಪುಟ ಬರೆಯುತ್ತಿದ್ದಾಳೆ.

ಉಳಿದ ಹೊಸ್ತಿಲು

ಹಾಗಾದರೆ ಮೊದಲ ವರ್ಷ ಸುಲಭವಾಯಿತೇ? ದೂರ ಕಡಿಮೆಯಾಯಿತು, ಹೊಸ್ತಿಲು ಉಳಿದಿದೆ. ವಿಜ್ಞಾನ, ವಾಣಿಜ್ಯ, ಇಂಜಿನಿಯರಿಂಗ್ ಓದುವವರಿಗೆ ಇಂದಿನ ಪರಭಾಷೆ ಇಂಗ್ಲಿಷ್. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಚೆನ್ನಾಗಿ ಓದಿದ ಜಾಣ ಹುಡುಗಿ ಅಲ್ಲಿ ದಡ್ಡಿಯಂತೆ ಕಾಣಬಹುದು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲದಿದ್ದರೆ, ಯಾವ ಅರ್ಜಿ ಎಲ್ಲಿ ಕೊಡಬೇಕು, ವಿದ್ಯಾರ್ಥಿವೇತನ ಯಾವಾಗ ಬರುತ್ತದೆ ಎಂದು ಹೇಳುವವರೂ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷ ತಂದೆತಾಯಿ ಗುಳೆ ಹೊರಟರೆ ಮನೆ, ದನಕರು, ತಮ್ಮ ತಂಗಿಯರ ಹೊಣೆ ಅದೇ ವಿದ್ಯಾರ್ಥಿಯ ಹೆಗಲಿಗೆ ಬೀಳುತ್ತದೆ. ಇವು ಬುದ್ಧಿಯ ಕೊರತೆಗಳಲ್ಲ. ಒಂದು ಸೀಮೆಯ ಚರಿತ್ರೆ ಒಬ್ಬನ ಬೆನ್ನ ಮೇಲೆ ಕುಳಿತಿರುವ ಬಗೆ ಇದು.

ಹೀಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಹಿಂದಿನವರ ಉಪಾಯಗಳು ಇಂದಿಗೂ ನಡೆಯುತ್ತವೆ. ದಾರುಲ್ ತರ್ಜುಮಾದ ಪಂಡಿತರು ಪದಕೋಶ ಮಾಡಿದಂತೆ ನೀವೂ ಒಂದು ನೋಟ್‌ಬುಕ್ ಇಟ್ಟು, ಪ್ರತಿದಿನ ತರಗತಿಯಲ್ಲಿ ತಿಳಿಯದ ಹತ್ತು ಪದಗಳನ್ನು ಬರೆದು, ಎದುರಿಗೆ ನಿಮ್ಮ ಊರಿನ ಕನ್ನಡದಲ್ಲೇ ಅರ್ಥ ಬರೆಯಿರಿ. ವರ್ಷಾಂತ್ಯಕ್ಕೆ ಅದು ಸಾವಿರ ದಾಟುತ್ತದೆ. ಪ್ಯಾರಿಸ್ಸಿನ ಹುಡುಗರಂತೆ ನಿಮ್ಮ ತಾಲ್ಲೂಕಿನ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಹುಡುಕಿಕೊಳ್ಳಿ. ಆದರೆ ಆ ಕೂಟ ಜಾತಿಯ ಗೋಡೆಯಾಗದಂತೆ ಎಚ್ಚರವಹಿಸಿ. ನಾಗಾವಿಯ ಆರು ಸರಸ್ವತೀ ಭಂಡಾರಿಗರನ್ನು ನೆನೆದು ಕಾಲೇಜಿನ ಗ್ರಂಥಪಾಲಕರ ಪರಿಚಯ ಮಾಡಿಕೊಳ್ಳಿ. ಅವರಷ್ಟು ಉಪಕಾರಿಗಳು ಮೊದಲ ವರ್ಷದಲ್ಲಿ ಬೇರೆ ಸಿಗುವುದು ಅಪರೂಪ. ಒಂದು ಪತ್ರಿಕೆಯಲ್ಲಿ ಅನುತ್ತೀರ್ಣರಾದರೆ, ಎರಡು ವರ್ಷ ಕಳೆದುಕೊಂಡೂ ಕಿರಿಯರ ಪಕ್ಕ ಕುಳಿತ 1948ರ ವಿದ್ಯಾರ್ಥಿಯನ್ನು ನೆನೆಯಿರಿ. ಓದು ಬಿಡುವ ಯೋಚನೆ ಬಂದರೆ, ಊರಿಗೆ ಹೋಗುವ ಬಸ್ಸು ಹತ್ತುವ ಮೊದಲು ಒಬ್ಬ ಅಧ್ಯಾಪಕರೊಡನೆಯಾದರೂ ಬಾಯಿಬಿಟ್ಟು ಮಾತನಾಡಿ.

ಅಧ್ಯಾಪಕರಿಗೂ ಒಂದು ಮಾತು. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಕೇಳುವವನ ಭಾಷೆಯನ್ನು ಮರೆತ ವಿಶ್ವವಿದ್ಯಾಲಯ ಅರ್ಧದಷ್ಟು ಮಂದಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದು ಉಸ್ಮಾನಿಯಾದ ಚರಿತ್ರೆ ಕಲಿಸುವ ಪಾಠ. ಮೊದಲ ಕೆಲವು ತಿಂಗಳು ಎರಡೂ ಭಾಷೆಗಳಲ್ಲಿ ವಿವರಿಸಿದರೆ ಶಾಸ್ತ್ರಕ್ಕೆ ಕುಂದೇನೂ ಬಾರದು. ಜಗನ್ನಾಥದಾಸರ ನಾಡಿನಲ್ಲಿ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮನನಕ್ಕೆ

1. ನಿಮ್ಮ ಮನೆತನದಲ್ಲಿ ಅಥವಾ ಓಣಿಯಲ್ಲಿ ಮೊದಲು ಕಾಲೇಜು ಸೇರಿದವರು ಯಾರು? ಯಾವ ಇಸವಿಯಲ್ಲಿ, ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಓದಿದರು? ಅವರನ್ನು ಕಂಡು ಕೇಳಿ ಎರಡು ಪುಟ ಬರೆಯಿರಿ.

2. ಉರ್ದು ಓದಿದ ಹಿರಿಯರು ನಿಮ್ಮೂರಿನಲ್ಲಿದ್ದರೆ, ಅವರ ಹಳೆಯ ಪ್ರಮಾಣಪತ್ರ, ಪುಸ್ತಕಗಳನ್ನು ನೋಡಿ. ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿ ಇಸವಿ ಕಂಡುಹಿಡಿಯಿರಿ.

3. ಕಾಲೇಜಿನಲ್ಲಿ ದಿನನಿತ್ಯ ಬಳಸುವ ಇಪ್ಪತ್ತು ಪದಗಳನ್ನು ಪಟ್ಟಿಮಾಡಿ, ಅವು ಸಂಸ್ಕೃತ, ಪಾರಸಿ, ಇಂಗ್ಲಿಷ್, ಕನ್ನಡ ಯಾವ ಮೂಲದವೆಂದು ನಿಘಂಟಿನಲ್ಲಿ ನೋಡಿ ವಿಂಗಡಿಸಿ.

4. ನಿಮ್ಮ ತರಗತಿಯಲ್ಲಿ ಮೊದಲ ವರ್ಷ ಓದು ಬಿಟ್ಟವರು ಯಾರಾದರೂ ಇದ್ದಾರೆಯೇ? ಕಾರಣವನ್ನು ಚರ್ಚಿಸಿ. ಮರಳಿ ಕರೆತರಲು ಸಾಧ್ಯವೇ ಎಂದು ವಿಚಾರಿಸಿ. ಸಾಧ್ಯವಿದ್ದರೆ, ಈ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ.